ಬರೆಯಿಸುವ ಮುನ್ನ ಓದಲು ಕಲಿಸೋಣ

ತುಂಗಭದ್ರಾ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುವ ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯಂತಹ ಊರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಪಿಯುಸಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಹೇಗೋ ದಾಟಿ, 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯ ಬಲದಿಂದ ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಸೀಟು ಪಡೆದ ವಿದ್ಯಾರ್ಥಿಯು ಮೊದಲ ವರ್ಷದ ಸಿ ಪ್ರೋಗ್ರಾಮಿಂಗ್ ಭಾಷೆಯ ಎದುರು ಕೈಚೆಲ್ಲಿ ಕೂತಾಗ, ಎಲ್ಲರೂ ಹೇಳುವ ಕಾರಣ ಒಂದೇ: ಅವನಿಗೆ ಇಂಗ್ಲಿಷ್ ಬಾರದು. ಈ ನಿದಾನದಲ್ಲಿ ಸತ್ಯಾಂಶವಿದೆಯಾದರೂ ರೋಗದ ಮೂಲವಿಲ್ಲ. 1989ರಲ್ಲಿ ಪ್ರಮಾಣೀಕೃತವಾದ ಸಿ ಭಾಷೆಯಲ್ಲಿರುವ ಮೀಸಲು ಪದಗಳು ಕೇವಲ 32. ಅಷ್ಟನ್ನು ಬಾಯಿಪಾಠ ಮಾಡುವುದು ನಮ್ಮ ಮಕ್ಕಳಿಗೆ ದೊಡ್ಡ ಮಾತೇನಲ್ಲ.

ನಿಜವಾದ ತೊಡಕು ಎಲ್ಲಿದೆಯೆಂಬುದನ್ನು ಒಂದು ಸಣ್ಣ ಲೆಕ್ಕದಿಂದಲೇ ಕಾಣಬಹುದು. ‘ಅ’ ಎಂಬಲ್ಲಿ 5, ‘ಆ’ ಎಂಬಲ್ಲಿ 7 ಇದೆ. ಅವನ್ನು ಅದಲುಬದಲು ಮಾಡಬೇಕು. ಹೊಸಬನು ‘ಅ = ಆ’ ಎಂದು ಬರೆದು, ಅದರ ಕೆಳಗೆ ‘ಆ = ಅ’ ಎಂದು ಬರೆದು, ಕೆಲಸ ಮುಗಿಯಿತೆಂದು ಭಾವಿಸುತ್ತಾನೆ. ಆದರೆ ಮೊದಲ ಸಾಲು ನಡೆದೊಡನೆಯೇ ‘ಅ’ದಲ್ಲಿದ್ದ 5 ಅಳಿದುಹೋಗಿ ಅಲ್ಲಿ 7 ಬಂದು ಕೂತಿರುತ್ತದೆ, ಎರಡನೆಯ ಸಾಲು ಆ ಏಳನ್ನೇ ಮರಳಿ ‘ಆ’ಗೆ ಒಯ್ಯುತ್ತದೆ, ಕೊನೆಗೆ ಉಳಿಯುವುದು ಎರಡು ಏಳುಗಳು. ಗಣಿತದ ತರಗತಿಯಲ್ಲಿ ಸಮತ್ವವನ್ನು ಸೂಚಿಸುತ್ತಿದ್ದ ಆ ಎರಡು ಗೆರೆಗಳು ಇಲ್ಲಿ ಬಲಬದಿಯ ಮೌಲ್ಯವನ್ನು ಎಡಬದಿಯಲ್ಲಿ ತುಂಬೆಂಬ ಆಜ್ಞೆಯಾಗಿವೆ, ಆ ಆಜ್ಞೆಗಳು ಒಂದಾದ ಮೇಲೊಂದರಂತೆ ನಡೆಯುತ್ತವೆ ಎಂಬುದನ್ನು ಬಿಡಿಸಿ ಹೇಳುವವರಿಲ್ಲದಿದ್ದರೆ, ಮೂರನೆಯ ತಾತ್ಕಾಲಿಕ ಸ್ಥಾನವೊಂದು ಏಕೆ ಬೇಕೆಂಬುದು ಅವನಿಗೆ ಎಂದಿಗೂ ಹೊಳೆಯದು.

ಬ್ರಿಟನ್ನಿನ ಸಂಶೋಧಕ ಬೆನೆಡಿಕ್ಟ್ ಡು ಬೂಲೆ 1986ರ ತಮ್ಮ ಪ್ರಬಂಧದಲ್ಲಿ ಆರಂಭಿಕರ ಕಷ್ಟಗಳನ್ನು ವಿವೇಚಿಸುತ್ತಾ, ಯಂತ್ರವು ಹೇಗೆ ನಡೆಯುತ್ತದೆಂಬ ಒಂದು ಸರಳ ಮಾನಸಚಿತ್ರವು ಕಲಿಯುವವನಲ್ಲಿ ಮೂಡಬೇಕಾದುದನ್ನು ಎತ್ತಿ ತೋರಿಸಿದರು. ನಮ್ಮಲ್ಲಿ ಆ ಚಿತ್ರ ಮೂಡಲು ಅವಕಾಶವೆಲ್ಲಿದೆ? ಅನೇಕ ಕಡೆ ಲ್ಯಾಬ್ ಎಂದರೆ ಗೊತ್ತುಪಡಿಸಿದ ಪ್ರೋಗ್ರಾಮುಗಳನ್ನು ಹಿರಿಯರ ರೆಕಾರ್ಡ್ ಪುಸ್ತಕದಿಂದ ನಕಲು ಮಾಡಿ, ಅವನ್ನೇ ಉರುಹೊಡೆದು, ಪರೀಕ್ಷೆಯ ದಿನ ಚೀಟಿಯಲ್ಲಿ ಬಂದುದನ್ನು ಟೈಪು ಮಾಡಿ ಬರುವುದು. ಒಂದು ಅರ್ಧವಿರಾಮ ಬಿಟ್ಟುಹೋದರೆ ಕಂಪೈಲರು ಬಹಳ ಸಲ ಅದರ ಮುಂದಿನ ಸಾಲಿನ ಸಂಖ್ಯೆಯನ್ನು ಕೊಟ್ಟು ಇಂಗ್ಲಿಷಿನಲ್ಲಿ ದೋಷ ಸೂಚಿಸುತ್ತದೆ. ಹುಡುಗ ನಿರ್ದೋಷವಾದ ಆ ಸಾಲನ್ನೇ ದಿಟ್ಟಿಸುತ್ತಾ, ಅದನ್ನು ಅಳಿಸಿ ಮತ್ತೆ ಬರೆದು, ಅದೇ ಸಂದೇಶ ಪುನಃ ಬಂದಾಗ ತನ್ನ ಬುದ್ಧಿಯನ್ನೇ ಹಳಿದುಕೊಳ್ಳುತ್ತಾನೆ. ಇಂಗ್ಲಿಷಿನ ಕೊರತೆ ನಿಜವಾಗಿ ಕಾಡುವುದು ಇಲ್ಲಿ. ಪಕ್ಕದಲ್ಲಿ ನಿಂತು ‘ಮೇಲಿನ ಸಾಲು ನೋಡಪ್ಪಾ’ ಎನ್ನುವ ಅಧ್ಯಾಪಕರಿದ್ದರೆ ಆ ಕ್ಷಣದಲ್ಲಿಯೇ ಅದು ನೀಗುತ್ತದೆ.

ಕಲಿಕೆಯ ಮೊದಲ ವಾರಗಳಿಗೆ ಕಂಪ್ಯೂಟರೇ ಅನಿವಾರ್ಯವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಬೋರ್ಡಿನ ಮೇಲೆ ಹತ್ತು ಸಾಲಿನ ಪ್ರೋಗ್ರಾಮೊಂದನ್ನು ಬರೆದು, ಬದಿಯಲ್ಲಿ ಪ್ರತಿಯೊಂದು ಚರಕ್ಕೂ ಒಂದೊಂದು ಕಾಲಂ ಎಳೆದು, ಸಾಲಿನಿಂದ ಸಾಲಿಗೆ ಹಳೆಯ ಮೌಲ್ಯವನ್ನು ಹೊಡೆದುಹಾಕಿ ಹೊಸದನ್ನು ಬರೆಯುತ್ತಾ, ‘ಈಗ ಏನಾಯಿತು, ಮುಂದೇನಾಗುವುದು’ ಎಂದು ಕನ್ನಡದಲ್ಲಿಯೇ ಕೇಳುತ್ತಾ ಹೋಗುವುದಕ್ಕೆ ವಿದ್ಯುತ್ತೂ ಬೇಡ, ಇಂಟರ್ನೆಟ್ಟೂ ಬೇಡ. ಇದು ಸಿರಿಗೇರಿಯ ಯಾವುದೇ ತರಗತಿಯಲ್ಲಿ ನಾಳೆಯೇ ಆರಂಭವಾಗಬಲ್ಲ ಕೆಲಸ. ಅನ್ಯರ ಪ್ರೋಗ್ರಾಮನ್ನು ಹೀಗೆ ಓದಬಲ್ಲವನಾದ ಬಳಿಕವೇ ಸ್ವತಂತ್ರವಾಗಿ ಬರೆಯೆಂದು ಹೇಳುವುದು ನ್ಯಾಯ.

ಆದರೆ ಅಂಕಗಳಿರುವ ಕಡೆಗೇ ಬೋಧನೆಯೂ ಹರಿಯುತ್ತದಾದ್ದರಿಂದ, ಪಿಯು ಇಲಾಖೆಯೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ತಮ್ಮ ಪ್ರಾಯೋಗಿಕ ಪರೀಕ್ಷೆಗಳ ಅರ್ಧದಷ್ಟು ಅಂಕಗಳನ್ನು, ವಿದ್ಯಾರ್ಥಿಯು ಹಿಂದೆಂದೂ ಕಾಣದ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿ ವಿವರಿಸುವುದಕ್ಕೆ ಮೀಸಲಿಡಬೇಕು. ಆ ವಿವರಣೆಯನ್ನು ಕನ್ನಡದಲ್ಲಿ ಕೊಟ್ಟರೂ ಪೂರ್ಣಾಂಕ ಸಲ್ಲಬೇಕು.