ಬಿಸಿಲು, ಎಲುಬು ಮತ್ತು ಧಮನಿ

ಎಲುಬಿನ ದಾರ್ಢ್ಯಕ್ಕೆ ಡಿ ಜೀವಸತ್ತ್ವವು ಅವಶ್ಯವೆಂಬುದು ಸರ್ವವಿದಿತ. ಆಹಾರದಲ್ಲಿಯ ಕ್ಯಾಲ್ಸಿಯಮನ್ನು ಕರುಳು ಚೆನ್ನಾಗಿ ಹೀರಿಕೊಳ್ಳಬೇಕಾದರೆ ಅದರ ನೆರವು ಬೇಕು. ಅದು ಸಾಲದಾದರೆ ಮಕ್ಕಳ ಕಾಲೆಲುಬುಗಳು ಬಾಗಿ ರಿಕೆಟ್ಸ್ ರೋಗವುಂಟಾಗುತ್ತದೆ. ಆದರೆ ಅದು ಮಿತಿಮೀರಿದರೆ ಏನಾದೀತೆಂಬುದನ್ನು ಬಲ್ಲವರು ವಿರಳ. ಆಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ಎಲುಬಿನಲ್ಲಿರಬೇಕಾದ ಸುಣ್ಣವು ಧಮನಿಗಳ ಗೋಡೆಗಳಲ್ಲಿಯೂ ಮೂತ್ರಪಿಂಡಗಳಲ್ಲಿಯೂ ಶೇಖರವಾಗತೊಡಗುತ್ತದೆ. ಗಟ್ಟಿಯಾಗಿರಬೇಕಾದುದನ್ನು ಗಟ್ಟಿಗೊಳಿಸುವ ವಸ್ತುವೇ ಮೃದುವಾಗಿರಬೇಕಾದುದನ್ನೂ ಗಟ್ಟಿಗೊಳಿಸಿಬಿಡುತ್ತದೆ.

ಈ ಜೀವಸತ್ತ್ವವನ್ನು ಬಿಸಿಲಿನಲ್ಲಿ ನಮ್ಮ ಚರ್ಮವೇ ತಯಾರಿಸುತ್ತದೆ. ಅದಕ್ಕೆ ಸುಮಾರು 290ರಿಂದ 315 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಕಿರಣಗಳು ಬೇಕು. ಎಳೆಬಿಸಿಲೇ ಇದಕ್ಕೆ ಶ್ರೇಷ್ಠವೆಂಬ ನಂಬಿಕೆಯನ್ನು ಭೌತಶಾಸ್ತ್ರವು ಒಪ್ಪದು. ಬೆಳಗಿನ ಕಿರಣಗಳು ವಾಯುಮಂಡಲವನ್ನು ಓರೆಯಾಗಿ ದಾಟುವುದರಿಂದ ಈ ಭಾಗವನ್ನು ಓಜೋನ್ ಬಹುಮಟ್ಟಿಗೆ ಹೀರಿಬಿಡುತ್ತದೆ. ಕಿಟಕಿಯ ಗಾಜೂ ಅದನ್ನು ತಡೆಯುತ್ತದೆ. ನಮ್ಮ ನೆರಳು ನಮಗಿಂತ ಗಿಡ್ಡದಾಗಿರುವ ಹೊತ್ತೇ ತಕ್ಕ ಹೊತ್ತು. ಹುಬ್ಬಳ್ಳಿ-ಧಾರವಾಡಗಳು ಸುಮಾರು 15½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರ್ 22ರ ಸುಮಾರಿಗೆ ಕೂಡ ಇಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಸೂರ್ಯನ ಎತ್ತರ 51 ಡಿಗ್ರಿ. ಐದಡಿಯ ಹುಡುಗನ ನೆರಳು ನಾಲ್ಕಡಿ ಮಾತ್ರ. ಅದೇ ದಿನದ ಮಧ್ಯಾಹ್ನ ಲಂಡನ್ನಿನಲ್ಲಿ ಆ ಎತ್ತರ 15 ಡಿಗ್ರಿ. ಮಳೆಗಾಲದ ಮೋಡಗಳನ್ನು ಬಿಟ್ಟರೆ ಈ ಸಂಪತ್ತು ನಮಗೆ ವರ್ಷವಿಡೀ ಲಭ್ಯ. ಆದರೆ ಆ ಹೊತ್ತಿನಲ್ಲಿ ನಮ್ಮ ವಿದ್ಯಾರ್ಥಿಗಳು ನಾಲ್ಕು ಗೋಡೆಗಳೊಳಗೆ ಕುಳಿತಿರುತ್ತಾರೆ!

ಬಿಸಿಲಿಗೆ ಇನ್ನೊಂದು ವಿಶೇಷ ಗುಣವುಂಟು. ಚರ್ಮದಲ್ಲಿ ಸಾಕಷ್ಟು ತಯಾರಾದ ಮೇಲೆ, ಹೆಚ್ಚಿನದನ್ನು ಅದೇ ಬೆಳಕು ನಿರುಪಯೋಗಿ ವಸ್ತುಗಳಾಗಿ ಮಾರ್ಪಡಿಸುತ್ತದೆ. ನುಂಗುವ ಮಾತ್ರೆಗೆ ಇಂಥ ತಡೆಯಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ದಿನಕ್ಕೆ 600 ಯೂನಿಟ್ಟುಗಳನ್ನು ಸೂಚಿಸಿ, 4,000ವನ್ನು ಮೇಲ್ಮಿತಿಯಾಗಿಟ್ಟಿದೆ. ಔಷಧದ ಅಂಗಡಿಗಳಲ್ಲಿ ದೊರೆಯುವ 60,000 ಯೂನಿಟ್ಟಿನ ಮಾತ್ರೆಯನ್ನು ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರಗಳ ಮಟ್ಟಿಗೆ ಕೊಡುತ್ತಾರೆ. ಶಕ್ತಿವರ್ಧಕವೆಂದು ಅದನ್ನು ದಿನವೂ ನುಂಗಿದರೆ ಮೇಲ್ಮಿತಿಯ 15 ಪಟ್ಟಾಯಿತು! ಬ್ರಿಟನ್ನಿನಲ್ಲಿ 1950ರ ದಶಕದಲ್ಲಿ ಶಿಶು ಆಹಾರಗಳಿಗೆ ಈ ಜೀವಸತ್ತ್ವವನ್ನು ಧಾರಾಳವಾಗಿ ಸೇರಿಸಲಾಗುತ್ತಿತ್ತು. ಹಲವು ಕೂಸುಗಳ ರಕ್ತದಲ್ಲಿ ಕ್ಯಾಲ್ಸಿಯಂ ಅಪಾಯಕರವಾಗಿ ಏರಿದುದು ಕಂಡುಬಂದುದರಿಂದ, 1957ರಲ್ಲಿ ಆ ಪ್ರಮಾಣವನ್ನು ಇಳಿಸಬೇಕಾಯಿತು.

ಕೊರತೆಯಿದ್ದವರಿಗೆ ಮಾತ್ರೆ ಬೇಡವೆಂದು ಇದರ ಅರ್ಥವಲ್ಲ. ರಕ್ತಪರೀಕ್ಷೆಯಾಗಲಿ, ವೈದ್ಯರು ಅಳತೆಯನ್ನೂ ಅವಧಿಯನ್ನೂ ನಿರ್ಧರಿಸಲಿ. ಆಗ ಅದು ನಿಜಕ್ಕೂ ಔಷಧ. ಉಳಿದವರಿಗೆ ನಮ್ಮ ಶಾಲೆ-ಕಾಲೇಜುಗಳು ಮಾಡಬಹುದಾದ ಉಪಕಾರವೊಂದಿದೆ: ಚರ್ಮ ಸುಡುವಷ್ಟಲ್ಲದಿದ್ದರೂ, ಮಧ್ಯಾಹ್ನದ ವಿರಾಮದಲ್ಲಿ ಸ್ವಲ್ಪ ಹೊತ್ತು ವಿದ್ಯಾರ್ಥಿಗಳನ್ನು ಬಯಲಿಗೆ ಬಿಡುವುದು. ವೇಳಾಪಟ್ಟಿಯನ್ನು ಇಷ್ಟು ತಿದ್ದಲು ಯಾವ ವೆಚ್ಚವೂ ಬೇಕಾಗಿಲ್ಲ.