ಮಿಕ್ಕಿಯ ಮಾತು, ನಮ್ಮ ಮಾತು

ಲಾಕ್‌ಡೌನ್‌ನಲ್ಲಿ ಎಲ್ಲರೂ ಏನೇನೋ ಕಲಿತರು. ಯಾರೋ ಪೈಥಾನ್ ಕಲಿತರು, ಯಾರೋ ಗಿಟಾರ್ ಕಲಿತರು, ಇನ್ಯಾರೋ ಡಾಲ್ಗೋನಾ ಕಾಫಿ ಕಲಕಿ ಸ್ಟೇಟಸ್ ಹಾಕಿದರು. ನಾವು ಮೂವರು ಅಂದೋಲಾದಲ್ಲಿ ಮಾಳಿಗೆ ಮೇಲೆ ಕೂತು ಗಯ್ ರಿಚಿಯ ‘ಸ್ನ್ಯಾಚ್’ ಸಿನೆಮಾನ ಆರು ಸಲ ನೋಡಿದ್ವಿ. ಸಿಜಿಪಿಎಗೆ ಇದರಿಂದ ನಯಾಪೈಸೆ ಲಾಭ ಆಗಲಿಲ್ಲ. ಆದರೆ ತಲೆಯಲ್ಲಿ ಒಂದು ಜಗಳ ಹುಟ್ಟಿಕೊಂಡಿತು, ಅದನ್ನು ಇಲ್ಲಿ ಆಡಿಬಿಡ್ತೀವಿ.

ಅಂದೋಲಾ ಎಲ್ಲಿದೆ ಅಂತ ಕೇಳುವವರಿಗೆ: ಕಲಬುರಗಿ ಜಿಲ್ಲೆ, ಜೇವರ್ಗಿ ತಾಲೂಕು. ನಿಜಾಮರ ಕಾಲದಲ್ಲಿ ತಾಲೂಕಿಗೇ ಅಂದೋಲಾ ಅಂತ ಹೆಸರಿತ್ತು, ಈಗ ಬಸ್ಸಿನ ಬೋರ್ಡಿನ ಮೇಲೆ ಬಂದರೆ ಅದೇ ಹೆಚ್ಚು. ಕರಿ ಮಣ್ಣು, ತೊಗರಿ, ಹತ್ತಿ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಅಲ್ಲಿಂದ ಈ ಕಾಲೇಜಿಗೆ ಬಂದವರು ನಾವು ಮೂರೇ ಮಂದಿ.

2020ರ ಮಾರ್ಚ್ ನೆನಪು ಮಾಡಿಕೊಳ್ಳಿ. ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ಕಲಬುರಗಿಯಲ್ಲಿ. ಮಾರ್ಚ್ 10ಕ್ಕೆ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು, 12ಕ್ಕೆ ಅದು ಕೋವಿಡ್ ಅಂತ ಖಚಿತವಾಯಿತು. ಆ ರಾತ್ರಿ ಮೆಸ್ಸಿನಲ್ಲಿ ನಮ್ಮ ಟೇಬಲ್ಲಿಗೆ ಯಾರೂ ಬಂದು ಕೂರಲಿಲ್ಲ. ನಾವು ಊರಿಗೆ ಹೋಗಿ ಎರಡು ತಿಂಗಳಾಗಿತ್ತು. “ನೀವ್ ಗುಲ್ಬರ್ಗದವ್ರಲ್ವಾ” ಅಂತ ಒಬ್ಬ ನಗುತ್ತಲೇ ತಟ್ಟೆ ಎತ್ತಿಕೊಂಡು ಎದ್ದು ಹೋದ. ಎರಡೇ ದಿನಕ್ಕೆ ಕಾಲೇಜು ಮುಚ್ಚಿತು. ಹೊರಡುವ ಗಡಿಬಿಡಿಯಲ್ಲಿ ಸೀನಿಯರ್ ಒಬ್ಬರ ಹಾರ್ಡ್ ಡಿಸ್ಕಿನಿಂದ ಸಿಕ್ಕಿದ್ದನ್ನೆಲ್ಲ ಲ್ಯಾಪ್‌ಟಾಪಿಗೆ ತುಂಬಿಕೊಂಡು ಬಸ್ ಹತ್ತಿದ್ವಿ. (ಹೌದು, ಕಾಪಿ ಮಾಡಿದ ಸಿನೆಮಾ. ಬೈಯುವವರು ಬೈಯಿರಿ.)

ನಮ್ಮ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದು ಮಾಳಿಗೆ ಮೇಲೆ ಮಾತ್ರ. ಹಗಲು ಅಲ್ಲಿ ಆನ್‌ಲೈನ್ ಕ್ಲಾಸು, ರಾತ್ರಿ ಸೆಕೆಗೆ ಅಲ್ಲೇ ಹಾಸಿಗೆ. ಕರೆಂಟ್ ಇಲ್ಲದ ಒಂದು ರಾತ್ರಿ ‘ಸ್ನ್ಯಾಚ್’ ಹಾಕಿದ್ವಿ. ಪಕ್ಕದಲ್ಲಿ ಮುತ್ಯಾ ಮಲಗಿದ್ದರು, ಮಲಗಿದ್ದಾರೆ ಅಂತ ನಾವು ತಿಳಿದಿದ್ವಿ.

ನೋಡದವರಿಗೆ ಎರಡು ಮಾತು. 2000ದ ಸಿನೆಮಾ. ಲಂಡನ್ನಿನಲ್ಲಿ ಒಂದು ಕಡೆ ಕದ್ದ ವಜ್ರ, ಇನ್ನೊಂದು ಕಡೆ ಕಾನೂನಿಗೆ ಸಿಗದ ಬಾಕ್ಸಿಂಗ್ ದಂಧೆ. ಎರಡೂ ಕತೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ಓಡುತ್ತವೆ. ವಜ್ರವನ್ನು ಕೊನೆಗೆ ಒಂದು ನಾಯಿ ನುಂಗುತ್ತದೆ. ಓಟ ಎಂಥದ್ದು ಅಂದರೆ, ನ್ಯೂಯಾರ್ಕಿನ ವಜ್ರದ ವ್ಯಾಪಾರಿ ಅವಿ ಲಂಡನ್ನಿಗೆ ಬರುವುದನ್ನು ತೋರಿಸಲು ಡೈರೆಕ್ಟರಿಗೆ ಕೆಲವೇ ಸೆಕೆಂಡು ಸಾಕು: ಟ್ಯಾಕ್ಸಿ, ವಿಮಾನ, ಒಂದು ಗುಟುಕು, ಪಾಸ್‌ಪೋರ್ಟಿಗೆ ಠಸ್ಸೆ, ಮುಗೀತು. ದೇಶದಲ್ಲಿ ಒಂದೂ ಪ್ರಯಾಣಿಕರ ವಿಮಾನ ಹಾರದ ದಿನಗಳಲ್ಲಿ, ಮಂಗಳವಾರವೋ ಶುಕ್ರವಾರವೋ ಗೊತ್ತಾಗದಂತೆ ಕೂತಿದ್ದ ನಮಗೆ ಆ ವೇಗ ಗ್ಲೂಕೋಸ್ ಏರಿಸಿದ ಹಾಗಾಯಿತು. ಮೊದಲ ಸಲ ಕತೆ ಅರ್ಧ ತಿಳಿಯಲಿಲ್ಲ. ತಿಳಿಯಬೇಕು ಅಂತ ಅನ್ನಿಸಲೂ ಇಲ್ಲ.

ಆಮೇಲೆ ಮಿಕ್ಕಿ ಬಂದ.

ಬ್ರಾಡ್ ಪಿಟ್ ಮಾಡಿದ ಪಾತ್ರ. ಐರ್ಲೆಂಡಿನ ಅಲೆಮಾರಿ ಸಮುದಾಯದವನು, ಮನೆ ಅಂದರೆ ಗಾಲಿ ಮೇಲಿನ ಕ್ಯಾರವಾನ್. ಅವನು ಆಡುವುದು ಇಂಗ್ಲಿಷೇ, ಆದರೆ ಲಂಡನ್ನಿನ ರೌಡಿಗಳಿಗೂ ಒಂದಕ್ಷರ ತಿಳಿಯುವುದಿಲ್ಲ. ‘ನಾಯಿ ಅಂದರೆ ನಿಮಗೆ ಇಷ್ಟವೇ’ ಅಂತ ಕೇಳಿದರೆ ಎದುರಿಗಿದ್ದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಗೆ ನೋಡಿಕೊಳ್ಳುತ್ತಿರುವಾಗಲೇ ವ್ಯಾಪಾರ ಮುಗಿದು ಅವರ ದುಡ್ಡು ಇವನ ಜೇಬಿಗೆ ಸೇರಿರುತ್ತದೆ. ಅವರು ಕೊಂಡ ಕ್ಯಾರವಾನ್ ಎಳೆಯುತ್ತಿದ್ದಂತೆ ಗಾಲಿ ಕಳಚಿ ಬೀಳುತ್ತದೆ.

ನಾವು ಬಿದ್ದು ಬಿದ್ದು ನಕ್ಕೆವು. ಆಗ ಹಾಸಿಗೆಯಿಂದ ಮುತ್ಯಾನ ದನಿ: “ಅಂವಗ ಎಲ್ಲಾ ತಿಳೀತದ ತಮ್ಮಾ. ಎದುರಿನಾಂವಗ ತಿಳೀಬಾರ್ದಂತ ಹಂಗ ಮಾತಾಡ್ಲಕತ್ತಾನ. ದನದ ಸಂತ್ಯಾಗ ಟವೆಲ್ ಹಾಕಿ ಬಟ್ಟು ಹಿಡೀತಾರಲ್ಲ, ಹಂಗ.”

ದನದ ಸಂತೆ ನೋಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ಎತ್ತಿನ ವ್ಯಾಪಾರದಲ್ಲಿ ದಲ್ಲಾಳಿ ಬಾಯಿಬಿಟ್ಟು ರೇಟು ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸಿ, ಅದರೊಳಗೆ ಎದುರಿನವನ ಬೆರಳು ಹಿಡಿದು ಒತ್ತಿ ಲೆಕ್ಕ ತಿಳಿಸುತ್ತಾನೆ. ಸುತ್ತ ಐವತ್ತು ಜನ ನಿಂತಿದ್ದರೂ ಯಾರಿಗೂ ಸುಳಿವು ಸಿಗುವುದಿಲ್ಲ. ಇಂಗ್ಲಿಷಿನ ಗಂಧವಿಲ್ಲದ ಮುತ್ಯಾ, ಸಬ್‌ಟೈಟಲ್ ಓದುತ್ತಿದ್ದ ನಮಗಿಂತ ಮೊದಲೇ ಮಿಕ್ಕಿಯನ್ನು ಹಿಡಿದುಬಿಟ್ಟಿದ್ದರು. ನಾವು ಅವನ ಮಾತಿಗೆ ನಗುತ್ತಿದ್ದೆವು, ಮುತ್ಯಾ ಅವನ ಬುದ್ಧಿಗೆ ನಗುತ್ತಿದ್ದರು.

ಅಲ್ಲಿಂದ ನಮಗೆ ನಗು ಸರಾಗವಾಗಿ ಬರಲಿಲ್ಲ. ಕಾರಣ ಹೇಳ್ತೀವಿ.

ಮೊದಲ ಸೆಮಿಸ್ಟರಿನ ಲ್ಯಾಬ್‌ನಲ್ಲಿ ನಮ್ಮಲ್ಲೊಬ್ಬ “ಔಟ್‌ಪುಟ್ ಬರ್ಲಕತ್ತದ ಸರ್” ಅಂದ. ಇಡೀ ಬ್ಯಾಚ್ ನಕ್ಕಿತು. ಕೆಟ್ಟವರೇನಲ್ಲ, ಅವರೇ ನಮ್ಮ ದೋಸ್ತಿಗಳು, ಈ ಲೇಖನವನ್ನೂ ಓದುತ್ತಿದ್ದಾರೆ. ಅಂದಿನಿಂದ “ಬರ್ಲಕತ್ತದ” ಅನ್ನುವುದೇ ಅವನ ಹೆಸರಾಯಿತು. ಮುಂದಿನ ಎರಡು ವರ್ಷ ಅವನು ವೈವಾದಲ್ಲಿ ಗೊತ್ತಿದ್ದ ಉತ್ತರವನ್ನೂ ನುಂಗಿಕೊಂಡ. ಕನ್ನಡದಲ್ಲಿ ಹೇಳಿದರೆ ನಗ್ತಾರೆ, ಇಂಗ್ಲಿಷ್ ಇನ್ನೂ ಬರುವುದಿಲ್ಲ. ಮಧ್ಯೆ ಉಳಿದದ್ದು ಸುಮ್ಮನಿರುವುದು. ಮಾರ್ಕ್ಸ್ ಹೋಯಿತು, ಅದು ಹೋಗಲಿ. ರಜೆಗೆ ಮನೆಗೆ ಹೋಗಿ “ಬರ್ತಾ ಇದೀನಿ” ಅಂದಾಗ ಅವ್ವ “ಯಾಕಪ್ಪಾ, ಟಿವಿಯವ್ರಂಗ ಮಾತಾಡ್ಲಕತ್ತೀದಿ” ಅಂದಳು. ಹಾಸ್ಟೆಲಿನಲ್ಲಿ ಹಳ್ಳಿಯವನು, ಹಳ್ಳಿಯಲ್ಲಿ ಟಿವಿಯವನು.

“ತಮಾಷೆಗೆ ಕಣೋ, ಅಷ್ಟಕ್ಕೆ ಬೇಜಾರಾ?” ಅಂತ ಕೇಳ್ತೀರಿ. ತಮಾಷೆ ನಮಗೂ ಇಷ್ಟ, ಇಲ್ಲದಿದ್ದರೆ ‘ಸ್ನ್ಯಾಚ್’ ಆರು ಸಲ ಯಾಕೆ ನೋಡ್ತಿದ್ವಿ? ಆದರೆ ಆ ಸಿನೆಮಾದಲ್ಲಿ ಮಿಕ್ಕಿಯ ಭಾಷೆಗೆ ನಕ್ಕವರ ಗತಿ ಏನಾಯಿತು ನೋಡಿ. ನಾಲ್ಕನೇ ಸುತ್ತಿನಲ್ಲಿ ಬೇಕಂತಲೇ ಬೀಳು ಅಂತ ಅವನಿಗೆ ಹೇಳಿರುತ್ತಾರೆ, ಅವನು ಬೀಳುವುದಿಲ್ಲ. ಬ್ರಿಕ್ ಟಾಪ್ ಎಂಬ ದಂಧೆಯ ದೊಡ್ಡಣ್ಣ ಅದಕ್ಕೆ ಸೇಡಾಗಿ ಮಿಕ್ಕಿಯ ತಾಯಿ ಒಳಗೆ ಮಲಗಿರುವಾಗಲೇ ಕ್ಯಾರವಾನಿಗೆ ಬೆಂಕಿ ಹಚ್ಚಿಸುತ್ತಾನೆ. ಅಲ್ಲಿ ಓಟ ನಿಂತುಬಿಡುತ್ತದೆ. ಅಷ್ಟೊತ್ತಿನ ತನಕ ನಗಿಸಿದ ಮುಖ ಉರಿಯ ಬೆಳಕಿನಲ್ಲಿ ಒದ್ದಾಡುತ್ತದೆ. ನಮ್ಮ ಲ್ಯಾಪ್‌ಟಾಪ್ ಬ್ಯಾಟರಿ ಸತ್ತದ್ದೂ ಸರಿಯಾಗಿ ಅಲ್ಲೇ. ಉಳಿದದ್ದನ್ನು ಮರುದಿನ ಕರೆಂಟ್ ಬಂದ ಮೇಲೆ ನೋಡಿದ್ವಿ. ಕೊನೆಗೆ ಮಿಕ್ಕಿ ತನ್ನ ಮೇಲೆ ತಾನೇ ಬಾಜಿ ಕಟ್ಟಿ, ಎದುರಾಳಿಯನ್ನು ಕೆಡವಿ, ಬ್ರಿಕ್ ಟಾಪ್‌ನ ಲೆಕ್ಕ ಚುಕ್ತಾ ಮಾಡಿ, ಬೆಳಗಾಗುವುದರೊಳಗೆ ತನ್ನ ಜನರನ್ನೆಲ್ಲ ಕರೆದುಕೊಂಡು ಮಾಯವಾಗುತ್ತಾನೆ. ಏನು ಹೇಳಿದ, ಏನು ಯೋಚಿಸಿದ ಅಂತ ಯಾರಿಗೂ ಕೊನೆಯವರೆಗೆ ಗೊತ್ತಾಗುವುದಿಲ್ಲ.

ಸಿನೆಮಾನ ಪೂರ್ತಿ ಹೊಗಳೋಕೂ ಆಗಲ್ಲ. ಅಲೆಮಾರಿಗಳನ್ನು ಅದು ಉದ್ದಕ್ಕೂ ಬೈಗುಳದ ಹೆಸರಿನಿಂದಲೇ ಕರೆಯುತ್ತದೆ, ಅವರೆಲ್ಲ ಮೋಸಗಾರರು ಅನ್ನುವ ಹಳೆಯ ಮಾತನ್ನೇ ದುಡಿಸಿಕೊಳ್ಳುತ್ತದೆ. ಅದೇ ಜನರನ್ನು ಐರ್ಲೆಂಡ್ ಸರ್ಕಾರ ಪ್ರತ್ಯೇಕ ಜನಾಂಗೀಯ ಸಮುದಾಯ ಅಂತ ಒಪ್ಪಿಕೊಳ್ಳಲು 2017 ಬರಬೇಕಾಯಿತು. ಇನ್ನು ಹೆಂಗಸರಂತೂ ಈ ಸಿನೆಮಾದಲ್ಲಿ ಇಲ್ಲವೇ ಇಲ್ಲ ಅನ್ನಬೇಕು.

ಈಗ ನಮ್ಮ ಮೇಲಿನ ದೂರನ್ನೂ ನಾವೇ ಹೇಳಿಕೊಳ್ಳಬೇಕು. ಮೇ ತಿಂಗಳಲ್ಲಿ ಮುಂಬೈ, ಪುಣೆಗೆ ದುಡಿಯಲು ಹೋದವರು ನಮ್ಮ ಜಿಲ್ಲೆಗೆ ಮರಳಿ ಬಂದರು. ಅವಿಗೆ ಕೆಲವೇ ಸೆಕೆಂಡಿನ ದಾರಿ, ಇವರಿಗೆ ದಿನಗಟ್ಟಲೆ. ಬಂದವರನ್ನು ಸಾಲಿಗಳಲ್ಲಿ ಕ್ವಾರಂಟೈನ್ ಮಾಡಿದರು. ಅವರಲ್ಲಿ ನಮ್ಮಲ್ಲೊಬ್ಬನ ಕಾಕಾನ ಮನೆಯವರೂ ಇದ್ದರು. ಹದಿನೈದು ವರ್ಷ ಮುಂಬೈಯಲ್ಲಿ ಗಾರೆ ಕೆಲಸ ಮಾಡಿದ ಜನ, ಮಕ್ಕಳ ಬಾಯಲ್ಲಿ ಅರ್ಧ ಮರಾಠಿ, ಅರ್ಧ ಹಿಂದಿ, ನಡುವೆ ನಮ್ಮ ಕನ್ನಡ. ರೊಟ್ಟಿ ಕೊಡಲು ಹೋದ ನಾವು ಬುತ್ತಿಯನ್ನು ಗೇಟಿನ ಹೊರಗೇ ಇಟ್ಟು ಓಡಿ ಬಂದ್ವಿ. ಸೋಂಕಿನ ಭಯ ಇತ್ತು, ಖರೇ. ಆದರೆ ಮಾಳಿಗೆ ಮೇಲೆ ಬಂದು ಆ ಮಕ್ಕಳು ಮಾತಾಡಿದ್ದನ್ನು ಅಣಕಿಸಿ ನಕ್ಕದ್ದಕ್ಕೆ ಯಾವ ಸೋಂಕೂ ಕಾರಣ ಅಲ್ಲ. ಮೆಸ್ಸಿನಲ್ಲಿ ತಟ್ಟೆ ಎತ್ತಿಕೊಂಡು ಹೋದವನ ಮೇಲೆ ನಮಗೆ ಇದ್ದ ಸಿಟ್ಟು ಅವತ್ತು ಅರ್ಧ ಇಳಿಯಿತು.

ಇಳಿಯದೆ ಉಳಿದ ಅರ್ಧ ನಮ್ಮ ಸಿನೆಮಾದ ಮೇಲೆ, ಮತ್ತು ಸ್ವಲ್ಪ ನಮ್ಮ ಕನ್ನಡ ಬಳಗದ ಮೇಲೆ. ಕನ್ನಡ ಸಿನೆಮಾಕ್ಕೆ ಊರಿನ ಮಾತು ಬರುವುದಿಲ್ಲ ಅಂತಲ್ಲ. ‘ಉಳಿದವರು ಕಂಡಂತೆ’ 2014ರಲ್ಲೇ ಕರಾವಳಿಯ ಕನ್ನಡದಲ್ಲಿ ರೌಡಿ ಕತೆ ಹೇಳಿತು, ಅದೂ ಹಿಂದೆ ಮುಂದೆ ಮಾಡಿ. ‘ತಿಥಿ’ ಮಂಡ್ಯ ಕಡೆಯ ಹಳ್ಳಿಯವರನ್ನೇ ಹಾಕಿಕೊಂಡು ಅವರ ಮಾತಿನಲ್ಲೇ ನಡೆದು 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ತಂತು. ಅದೇ ಲಾಕ್‌ಡೌನ್ ವರ್ಷದ ಜುಲೈ 24ಕ್ಕೆ ನೇರ ಓಟಿಟಿಗೆ ಬಂದ ‘ಫ್ರೆಂಚ್ ಬಿರಿಯಾನಿ’ಯಲ್ಲಿ ಶಿವಾಜಿನಗರದ ಆಟೋ ಡ್ರೈವರ್ ತನ್ನ ಮಾತನ್ನೇ ಆಡುತ್ತಾನೆ. ‘ಸ್ನ್ಯಾಚ್’ ವೇಗ ಅದಕ್ಕೆ ದಕ್ಕಲಿಲ್ಲ ಅನ್ನುವುದು ನಮ್ಮ ಅಭಿಪ್ರಾಯ, ಆದರೂ ಆ ಮಾತಿಗೋಸ್ಕರ ಕೊನೆಯ ತನಕ ನೋಡಿದ್ವಿ. ಧಾರವಾಡದ ಕಡೆಯ ಕನ್ನಡಕ್ಕೂ ‘ನಾಗಮಂಡಲ’ ಸಿಕ್ಕಿತ್ತು. ಕಲಬುರಗಿ ಮಾತಾಡುವ ಹೀರೋ ಯಾರು ಅಂತ ನಾವು ಮೂವರು ಒಂದು ಸಂಜೆ ಪೂರ್ತಿ ಕೂತು ಯೋಚಿಸಿದ್ವಿ. ನೆನಪಾದವರೆಲ್ಲ ಹೀರೋನ ಪಕ್ಕ ನಿಂತು ಬೈಸಿಕೊಳ್ಳುವವರು.

ಬಳಗದ ರಾಜ್ಯೋತ್ಸವ ನಾಟಕದಲ್ಲೂ ಅಷ್ಟೇ. ನಾವು ನೋಡಿದ ಎರಡೂ ವರ್ಷ ಅದರಲ್ಲಿ ಒಬ್ಬ ವಾಚ್‌ಮನ್ ಇದ್ದ, ಅವನು “ಯಾಕ್ರೀ ಯಪ್ಪಾ” ಅಂದ, ಆಡಿಟೋರಿಯಂ ನಕ್ಕಿತು. ಆ ಪಾತ್ರಕ್ಕೆ ಎರಡೂ ಸಲ ನಮ್ಮನ್ನೇ ಕರೆದದ್ದು. ನಾವೂ ಹೋದ್ವಿ, ಚಪ್ಪಾಳೆ ಸಿಗ್ತದಲ್ಲ. ಪಾತ್ರಕ್ಕೆ ಬುದ್ಧಿ ಇರಲಿಲ್ಲ, ಹೆಸರೂ ಇರಲಿಲ್ಲ. ಬರೀ ಒಂದು ಉಚ್ಚಾರ ಇತ್ತು. ಲಂಡನ್ ಉಚ್ಚಾರ ಬ್ರಾಡ್ ಪಿಟ್‌ಗೆ ಸರಿಯಾಗಿ ಕೂರಲಿಲ್ಲ, ಅದಕ್ಕೇ ಮಿಕ್ಕಿಗೆ ಯಾರಿಗೂ ತಿಳಿಯದ ಮಾತು ಕೊಟ್ಟರು ಅಂತ ಹೇಳುವುದುಂಟು. ಅಲ್ಲಿ ಬಾರದ ಮಾತೇ ಪಾತ್ರದ ಹತಾರ ಆಯಿತು. ನಮ್ಮಲ್ಲಿ ಚೆನ್ನಾಗಿ ಬರುವ ಮಾತನ್ನೇ ಪಾತ್ರದ ಕುಂದು ಮಾಡಿ ಇಟ್ಟಿದ್ದೀವಿ.

ಈ ಸಲದ ನಾಟಕಕ್ಕೆ ಸ್ಕ್ರಿಪ್ಟ್ ಕೇಳಿದ್ದೀರಿ. ನಾವು ಒಂದು ಬರೆದಿದ್ದೀವಿ, ಇಪ್ಪತ್ತು ನಿಮಿಷದ್ದು. ದನದ ಸಂತೆಯಲ್ಲಿ ನಡೀತದ. ಟವೆಲ್ ಒಳಗಿನ ಲೆಕ್ಕವನ್ನು ಮುತ್ಯಾಗೆ ಫೋನ್ ಮಾಡಿ ಕೇಳಿ ಬರಕೊಂಡೀವಿ. ದಲ್ಲಾಳಿ, ಎತ್ತಿನ ಮಾಲೀಕ, ಸಾಲ ಕೊಟ್ಟ ಸಾವ್ಕಾರ, ಎಲ್ಲರೂ ಜೇವರ್ಗಿ ಸೀಮೆಯವರು, ಸಬ್‌ಟೈಟಲ್ ಇಲ್ಲ. ಒಬ್ಬ ವಾಚ್‌ಮನ್ನೂ ಇದ್ದಾನೆ, ಎರಡೇ ಸೀನು. ಅವನು ಬೆಂಗಳೂರು ಕನ್ನಡ ಆಡ್ತಾನ. ಆ ಪಾತ್ರಕ್ಕೆ ಆಸಕ್ತಿ ಇರುವವರು ಶನಿವಾರ ಕ್ಲಾಸ್ ಮುಗಿದ ಮೇಲೆ ಕ್ಯಾಂಟೀನ್ ಹಿಂದೆ ಬನ್ನಿ.