ಗೇರ್‌ಬಾಕ್ಸ್ ಒಂದೇ, ಕೂಲಿ ಎರಡು!

ಅಮೆರಿಕದಲ್ಲಿರುವ ನಮ್ಮ ಟೆಕ್ಕಿ ಮಿತ್ರರಿಗೆ ಸೆಕೆಂಡ್ ಹ್ಯಾಂಡ್ ಪೋರ್ಷೆ ಬಾಕ್ಸ್‌ಸ್ಟರ್ ಅಂದ್ರೆ ಪ್ರಾಣ. 1997ರಿಂದ 2004ರವರೆಗಿನ ಮಾಡೆಲ್‌ಗಳಲ್ಲಿ ಎಂಜಿನ್ನಿನೊಳಗಿನ ಐಎಮ್ಎಸ್ ಬೇರಿಂಗ್ ಕೈಕೊಟ್ಟರೆ ಇಡೀ ಎಂಜಿನ್ನೇ ಗೋತಾ. ಈ ಭಯವೇ ಕೆಲವು ಗ್ಯಾರೇಜುಗಳ ಬಂಡವಾಳ!

ಗೆಳೆಯನಿಗೆ ಕೊಟ್ಟ ಎಸ್ಟಿಮೇಟು ನೋಡಿ: ಕ್ಲಚ್ಚಿಗಾಗಿ ಗೇರ್‌ಬಾಕ್ಸ್ ಇಳಿಸುವ ಕೂಲಿ, ಬೇರಿಂಗಿಗಾಗಿ ಮತ್ತೆ ಗೇರ್‌ಬಾಕ್ಸ್ ಇಳಿಸುವ ಕೂಲಿ. ಅಲ್ಲಾ ಸ್ವಾಮಿ, ಗೇರ್‌ಬಾಕ್ಸ್ ಇಳಿಸುವುದು ಒಂದೇ ಸಲ ತಾನೆ? ಆಗಲೇ ಕ್ಲಚ್ಚು, ಬೇರಿಂಗು, ಹಿಂದಿನ ಆಯಿಲ್ ಸೀಲು ಮೂರನ್ನೂ ಬದಲಿಸಬಹುದು. ಇದೇನು ಹಗಲುದರೋಡೆ?

ಬಿಡಿಭಾಗದ ಬೆಲೆ ಬೇರೆ, ಕೂಲಿಯ ಗಂಟೆ ಬೇರೆ ಬರೆಸಿಕೊಳ್ಳಿ. ಆಯಿಲ್ ಫಿಲ್ಟರ್ ಬಿಚ್ಚಿ ಲೋಹದ ಚೂರಿದೆಯಾ ಅಂತಲೂ ನೋಡದೆ "ಎಂಜಿನ್ ಹೋಯ್ತು" ಅನ್ನುವವನು ಮೆಕ್ಯಾನಿಕ್ಕೋ, ಜ್ಯೋತಿಷಿಯೋ? :) ಈ ಬೇರಿಂಗ್ ಎಷ್ಟು ಕಾರಿಗೆ ಹಾಕಿದ್ದೀರಿ ಅಂತ ಕೇಳಿದರೆ ಮುಖ ಗಂಟಿಕ್ಕುವವರ ಕೈಗೆ ಕೀ ಕೊಡಲೇಬೇಡಿ.